ಅಡಿಕೆ ದುಡ್ಡು ಕೆನಡಾದಲ್ಲಿ ನಡೆಯುತ್ತದಾ?

ಪ್ರಶ್ನೆ: ನಾವು ಚನ್ನಗಿರಿ ತಾಲ್ಲೂಕಿನವರು. ಮೂರು ಎಕರೆ ಅಡಿಕೆ ತೋಟ ಇದೆ. ಮಗಳು ದಾವಣಗೆರೆಯಲ್ಲಿ ಬಿ.ಇ. ಓದಿ, ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದಾಳೆ. ಕೆನಡಾದ ಒಂಟಾರಿಯೊದಲ್ಲಿ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಎರಡು ವರ್ಷದ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. 2026ರ ಸೆಪ್ಟೆಂಬರ್‌ಗೆ ಕ್ಲಾಸು ಶುರು. ವರ್ಷಕ್ಕೆ ಫೀಸು 28,000 ಡಾಲರ್. ದಾವಣಗೆರೆಯ ಮನೆ ಮೇಲೆ ಬ್ಯಾಂಕಿನವರು 20 ಲಕ್ಷ ಸಾಲ ಮಂಜೂರು ಮಾಡಿದ್ದಾರೆ. 6 ಲಕ್ಷ ಎಫ್‌ಡಿ ಇದೆ. ಈ ಸಲ ಅಡಿಕೆಯಿಂದ 9 ಲಕ್ಷ ಬಂದಿದೆ. ಏಜೆಂಟರು ಹೇಳೋದು, ‘ಎರಡು ವರ್ಷದ್ದೂ ಸೇರಿ 65 ಲಕ್ಷ ತೋರಿಸಬೇಕು, ಅಡಿಕೆ ದುಡ್ಡು ಅಲ್ಲಿ ನಡೆಯಲ್ಲ, 1.25 ಲಕ್ಷ ಕೊಡಿ, ಒಂದು ತಿಂಗಳ ಮಟ್ಟಿಗೆ 30 ಲಕ್ಷ ನಿಮ್ಮ ಖಾತೆಗೆ ಹಾಕಿಸ್ತೀವಿ’ ಅಂತ. ಹೋದ ವರ್ಷ ಇಂಗ್ಲೆಂಡ್ ವೀಸಾ ರಿಜೆಕ್ಟ್ ಆಗಿತ್ತು, ಅದನ್ನೂ ಬರೆಯೋದು ಬೇಡ ಅಂತಾರೆ. ಪಹಣಿ ಇನ್ನೂ ತೀರಿಹೋದ ನಮ್ಮ ತಂದೆ ಹೆಸರಲ್ಲೇ ಇದೆ. ಏನು ಮಾಡೋದು?

ಉತ್ತರ: ಮೊದಲು ಆ 1.25 ಲಕ್ಷವನ್ನು ವಾಪಸ್ ಬೀರುವಿನಲ್ಲಿಡಿ. ಏಜೆಂಟರ 30 ಲಕ್ಷ ನಿಮಗೆ ಬೇಕಾಗಿಯೇ ಇಲ್ಲ. ಪೆನ್ನು ಹಾಳೆ ತಗೊಳ್ಳಿ, ಲೆಕ್ಕ ಹಾಕೋಣ.

ಕೋರ್ಸು ಎಷ್ಟೇ ವರ್ಷದ್ದಾಗಲಿ, ಕೆನಡಾದವರು ಕಣ್ಣಿಗೆ ಕಾಣುವ ಹಾಗೆ ತೋರಿಸಿ ಅನ್ನುವುದು ಮೊದಲ ವರ್ಷದ ಹಣವನ್ನು. ಅದರಲ್ಲಿ ಮೂರು ಬಾಬತ್ತು: ಒಂದು ವರ್ಷದ ಫೀಸು, ಒಂದು ವರ್ಷದ ಜೀವನ ಖರ್ಚು, ಹೋಗುವ ಬರುವ ಖರ್ಚು. ಜೀವನ ಖರ್ಚಿಗೆ ಒಬ್ಬರಿಗೆ 22,895 ಕೆನಡಾ ಡಾಲರ್ ಎಂದು 2025ರ ಸೆಪ್ಟೆಂಬರ್ 1ರಿಂದ ಗೊತ್ತುಮಾಡಿದ್ದಾರೆ. 2024ರಲ್ಲಿ ಇದು 20,635 ಇತ್ತು. ಅದಕ್ಕೂ ಮುಂಚೆ ಎಷ್ಟೋ ವರ್ಷ ಬರೀ 10,000. ನಿಮ್ಮ ಪಕ್ಕದ ಊರಿನ ಹುಡುಗ ‘ನಾನು ಜೀವನ ಖರ್ಚಿಗೆ ಆರು ಲಕ್ಷ ತೋರಿಸಿ ಹೋದೆ’ ಅಂದರೆ ಸುಳ್ಳಲ್ಲ, ಆದರೆ ಆ ಕಾಲ ಮುಗಿಯಿತು.

ಫೀಸು 28,000, ಖರ್ಚು 22,895. ಕೂಡಿದರೆ 50,895. ಡಾಲರಿಗೆ 65 ರೂಪಾಯಿ ಹಿಡಿದರೆ 33 ಲಕ್ಷ 8 ಸಾವಿರ. ಪ್ರಯಾಣಕ್ಕೆ ಒಂದು ಲಕ್ಷ ಇಟ್ಟುಕೊಳ್ಳಿ, 34 ಲಕ್ಷ. ನಿಮ್ಮ ಹತ್ತಿರ ಸಾಲ 20, ಎಫ್‌ಡಿ 6, ಅಡಿಕೆ 9. ಒಟ್ಟು 35. ಇದ್ದ ದುಡ್ಡೇ ಸಾಲುತ್ತದೆ. ಆದರೆ ಅಂಚಿನಲ್ಲಿ ನಿಂತಿದ್ದೀರಿ, ಡಾಲರ್ ಎರಡು ರೂಪಾಯಿ ಏರಿದರೂ ಕಷ್ಟ. ಮಗಳು ಸಂಬಳದಲ್ಲಿ ಉಳಿಸಿದ್ದು ಇದ್ದರೆ ಅದೂ ಸೇರಲಿ. ಅದಕ್ಕೆ ಬೇರೆಯದೇ ತೂಕ ಇದೆ, ಓದುವವಳೇ ದುಡಿದ ದುಡ್ಡು ಅಲ್ವಾ.

ಏಜೆಂಟರು ಹೇಳಿದ್ದರಲ್ಲಿ ಎರಡನೇ ವರ್ಷದ ಮಾತು ಪೂರ್ತಿ ಸುಳ್ಳಲ್ಲ. ಈಗಲೇ ಎಣಿಸಿ ತೋರಿಸಬೇಕಿಲ್ಲ, ಆದರೆ ಎಲ್ಲಿಂದ ಬರುತ್ತದೆ ಎಂದು ಅಧಿಕಾರಿಗೆ ನಂಬಿಕೆ ಬರಬೇಕು. ನನ್ನನ್ನು ಕೇಳಿದರೆ ನಿಮ್ಮ ಫೈಲಿನಲ್ಲಿ ಬಡಕಲು ಜಾಗ ಇದೇ. ಎರಡನೇ ವರ್ಷಕ್ಕೂ 30 ಲಕ್ಷದ ಮೇಲೆ ಬೇಕು. ಮುಂದಿನ ಕೊಯ್ಲು ಕೈಹಿಡಿದರೂ 9 ಲಕ್ಷ. ಹಾಗಾಗಿ ನಾಳೆಯೇ ಬ್ಯಾಂಕಿಗೆ ಹೋಗಿ ಒಂದು ಪ್ರಶ್ನೆ ಕೇಳಿ: ಈ 20 ಲಕ್ಷ ಒಂದು ವರ್ಷದ್ದಾ, ಇಡೀ ಕೋರ್ಸಿನದ್ದಾ? ಶಿಕ್ಷಣ ಸಾಲ ಸಾಮಾನ್ಯವಾಗಿ ಇಡೀ ಕೋರ್ಸಿಗೆ ಮಂಜೂರಾಗಿ, ಸೆಮಿಸ್ಟರ್ ಸೆಮಿಸ್ಟರಿಗೆ ಬಿಡುಗಡೆಯಾಗುತ್ತದೆ. ಮನೆಯ ಬೆಲೆಗೆ ಇನ್ನೂ ಸಾಲ ಬರುವ ಹಾಗಿದ್ದರೆ ಮಂಜೂರಾತಿಯನ್ನು ಈಗಲೇ ಏರಿಸಿಕೊಳ್ಳಿ. ಏರಿಸಿಕೊಂಡ ಮಾತ್ರಕ್ಕೆ ಬಡ್ಡಿ ಬೀಳುವುದಿಲ್ಲ, ತೆಗೆದುಕೊಂಡ ದುಡ್ಡಿಗಷ್ಟೇ ಬಡ್ಡಿ. ತೋಟ ಅಡ ಇಡ್ತೀನಿ ಅನ್ನಬೇಡಿ. ಸಾಲ ಕಟ್ಟದಿದ್ದರೆ ಬ್ಯಾಂಕುಗಳು ಅಡ ಇಟ್ಟ ಆಸ್ತಿಯನ್ನು ನೇರವಾಗಿ ವಶಕ್ಕೆ ಪಡೆಯುವ ಸರ್ಫೇಸಿ ಕಾಯ್ದೆಯಡಿ ಕೃಷಿ ಭೂಮಿಯನ್ನು ವಶ ಮಾಡಿಕೊಳ್ಳಲು ಬರುವುದಿಲ್ಲ, ಅದಕ್ಕೇ ಬ್ಯಾಂಕಿನವರು ಮನೆ, ಸೈಟನ್ನೇ ಕೇಳುತ್ತಾರೆ. ಹಳ್ಳಿ ಮನೆಯನ್ನು ಅಡ ಇಡುವುದಾದರೆ ಪಂಚಾಯಿತಿಯ ಇ-ಸ್ವತ್ತು ದಾಖಲೆ ಆಗಿದೆಯಾ ನೋಡಿ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ವೀಸಾ ಅರ್ಜಿ ಹಾಕಿಕೊಡುವವನಲ್ಲ. ದಾವಣಗೆರೆಯ ಬ್ಯಾಂಕೊಂದರಲ್ಲಿ ಶಿಕ್ಷಣ ಸಾಲದ ಮೇಜಿನ ಹಿಂದೆ ಕೂತು ನೂರಾರು ಫೈಲು ನೋಡಿದವನು. ರೈತರ ಮಕ್ಕಳ ಅರ್ಜಿ ದುಡ್ಡಿನ ಕಾರಣಕ್ಕೆ ತಿರಸ್ಕಾರವಾದಾಗಲೆಲ್ಲ ಮನೆಯವರು ‘ದುಡ್ಡು ಕಮ್ಮಿಯಾಯ್ತು’ ಅಂದುಕೊಳ್ಳುತ್ತಾರೆ. ಫೈಲು ತೆಗೆದು ನೋಡಿದರೆ ಎಷ್ಟೋ ಸಲ ದುಡ್ಡು ಸಾಕಷ್ಟು ಇರುತ್ತದೆ. ಅದು ಎಲ್ಲಿಂದ ಬಂತು ಅಂತ ಯಾರೂ ಬರೆದಿರುವುದಿಲ್ಲ.

ನಿಮ್ಮ ಪಾಸ್‌ಬುಕ್ ನಾನು ನೋಡಿಲ್ಲ, ಆದರೂ ಹೇಗಿರುತ್ತದೆ ಅಂತ ಹೇಳಬಲ್ಲೆ. ಜೂನ್‌ನಲ್ಲಿ ಹನ್ನೊಂದು ಸಾವಿರ. ಗೊಬ್ಬರಕ್ಕೆ ತೆಗೆದ ಮೇಲೆ ನಾಲ್ಕು ಸಾವಿರ. ಅಕ್ಟೋಬರ್‌ನಲ್ಲಿ ಅಡಿಕೆ ಗೊನೆ ಕೊಯ್ಯುವವರ ಕೂಲಿಗೆ ಅಂತ ಸೊಸೈಟಿಯಿಂದ ಬಂದ ಮುಂಗಡ, ಎರಡೇ ದಿನಕ್ಕೆ ಖಾಲಿ. ಆಮೇಲೆ ಜನವರಿಯಲ್ಲಿ ಇದ್ದಕ್ಕಿದ್ದ ಹಾಗೆ ಐದು ಲಕ್ಷ ಚಿಲ್ಲರೆ, ಹದಿನೈದು ದಿನ ಬಿಟ್ಟು ಇನ್ನೂ ಮೂರೂವರೆ. ಇದನ್ನು ಚನ್ನಗಿರಿಯವರು ನೋಡಿದರೆ ‘ರಾಶಿ ಅಡಿಕೆ ಮಾರಿದ್ದಾರೆ’ ಅಂತ ಮರುಮಾತಿಲ್ಲದೆ ಹೇಳುತ್ತಾರೆ. ತೋಟವನ್ನೇ ನೋಡದ ಕೆನಡಾದ ಅಧಿಕಾರಿಗೆ ಕಾಣುವುದೇ ಬೇರೆ. ಖಾಲಿ ಖಾತೆಗೆ ಅರ್ಜಿಗೆ ಸ್ವಲ್ಪ ಮುಂಚೆ ಯಾರೋ ದುಡ್ಡು ಸುರಿದಿದ್ದಾರೆ ಎಂದು ಕಾಣುತ್ತದೆ. ಏಜೆಂಟರು ಹಾಕಿಸುವ ದುಡ್ಡೂ ಪಾಸ್‌ಬುಕ್‌ನಲ್ಲಿ ಹೀಗೇ ಕಾಣೋದು. ನಿಮ್ಮ ನಿಜ, ಅವರ ಸುಳ್ಳು, ಎರಡೂ ಒಂದೇ ಥರ ಕಾಣುತ್ತವಲ್ಲ, ತೊಂದರೆ ಇರುವುದು ಅಲ್ಲಿ.

ಹಾಗಾಗಿ ಒಂದು ಪುಟದ ಪತ್ರ ಬರೆಯಿರಿ. ನಮ್ಮಲ್ಲಿ ಅಡಿಕೆ ಕೊಯ್ಲು ಯಾವ ತಿಂಗಳು, ಬೇಯಿಸಿ ಒಣಗಿಸಿ ಮಾರುವುದು ಯಾವಾಗ, ವರ್ಷದ ದುಡ್ಡೆಲ್ಲ ಯಾಕೆ ಎರಡು ಮೂರು ಕಂತಿನಲ್ಲೇ ಬರುತ್ತದೆ ಅಂತ ಸರಳವಾಗಿ ಹೇಳಿ. ಕೃಷಿ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ, ಅದಕ್ಕೇ ರಿಟರ್ನ್ ಇಲ್ಲ ಅಂತ ಒಂದು ಸಾಲು ಬರೆಯಿರಿ. ಇದು ನಮಗೆ ಗೊತ್ತಿರುವ ವಿಷಯ, ಅಲ್ಲಿಯವರಿಗೆ ಗೊತ್ತಿರಬೇಕು ಅಂತೇನಿಲ್ಲ. ಬೇರೆ ಆದಾಯಕ್ಕೆ ರಿಟರ್ನ್ ಹಾಕುವವರಾಗಿದ್ದರೆ ಅದರಲ್ಲೇ ಕೃಷಿ ಆದಾಯವನ್ನೂ ತೋರಿಸಿರುತ್ತೀರಿ, ಅದರ ಪ್ರತಿ ಲಗತ್ತಿಸಿ.

ಪತ್ರದ ಹಿಂದೆ ಚೀಟಿಗಳು. ಅಡಿಕೆ ಸೊಸೈಟಿ ತುಮ್‌ಕೋಸ್‌ನಲ್ಲಿ ಬಿಟ್ಟಿರಲಿ, ಮಂಡಿಯಲ್ಲಿ ಮಾರಿರಲಿ, ಮೂರು ವರ್ಷದ ಮಾರಾಟದ ಬಿಲ್ಲು ತೆಗೆಸಿ. ತೂಕ, ದರ, ಹಮಾಲಿ ಕಳೆದು ಕೈಗೆ ಬಂದ ಮೊತ್ತ ಎಲ್ಲ ಅದರಲ್ಲಿರುತ್ತದೆ. ಈಗ ಒಂದು ಸಣ್ಣ ಕೆಲಸ ಮಾಡಿ. ಬಿಲ್ಲಿನ ಮೂಲೆಯಲ್ಲಿ 1 ಅಂತ ಬರೆಯಿರಿ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ದುಡ್ಡು ಜಮಾ ಆದ ಸಾಲಿನ ಪಕ್ಕವೂ 1 ಅಂತ ಬರೆಯಿರಿ. ಎರಡನೇ ಬಿಲ್ಲಿಗೆ 2. ಹೀಗೆ ಜೋಡಿ ಮಾಡಿಕೊಂಡು ಹೋಗಿ. ಓದುವವರಿಗೆ ಹುಡುಕುವ ಕೆಲಸ ಕೊಡಬೇಡಿ, ಅವರ ಮುಂದೆ ಫೈಲಿನ ಗುಡ್ಡೆಯೇ ಇರುತ್ತದೆ. ಅವರು ಕೇಳುವುದು ನಾಲ್ಕು ತಿಂಗಳ ಸ್ಟೇಟ್‌ಮೆಂಟ್. ನೀವು ಹನ್ನೆರಡು ತಿಂಗಳದ್ದು ಕೊಡಿ. ಒಂದು ವರ್ಷ ಪೂರ್ತಿ ನೋಡಿದರೆ ಬೆಳೆಯ ಸುತ್ತು ಕಾಣುತ್ತದೆ, ನಾಲ್ಕೇ ತಿಂಗಳು ನೋಡಿದರೆ ಬರೀ ಗುಡ್ಡೆ ದುಡ್ಡು ಕಾಣುತ್ತದೆ.

ತೋಟವನ್ನು ಚೇಣಿಗೆ, ಅಂದರೆ ಫಸಲು ಗುತ್ತಿಗೆಗೆ ಕೊಟ್ಟಿದ್ದರೆ ಆ ಒಪ್ಪಂದದ ಪತ್ರವೇ ಸಾಕ್ಷಿ. ಸ್ವಲ್ಪ ಭಾಗ ನಗದು ಬಂದಿದ್ದರೆ ನಗದು ಅಂತಲೇ ಬರೆಯಿರಿ. ಬಿಲ್ಲು ಇಲ್ಲದ್ದಕ್ಕೆ ಬಿಲ್ಲು ಹುಟ್ಟಿಸಬೇಡಿ.

ಪಹಣಿ ನಿಮ್ಮ ತಂದೆ ಹೆಸರಲ್ಲಿರುವುದು ದೊಡ್ಡ ವಿಷಯವಲ್ಲ, ಆದರೆ ಹಾಗೇ ಬಿಟ್ಟರೆ ದೊಡ್ಡದಾಗುತ್ತದೆ. ಪಹಣಿಯ 9ನೇ ಕಾಲಂನಲ್ಲಿ ನಿಮ್ಮ ತಂದೆಯ ಹೆಸರು, ಬಿಲ್ಲಿನಲ್ಲಿ ನಿಮ್ಮ ಹೆಸರು ಇದ್ದರೆ ಇದು ಯಾರ ತೋಟ ಅಂತ ಪ್ರಶ್ನೆ ಬರುವುದು ಸಹಜ. ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅರ್ಜಿ ಕೊಡಿ. ಅದು ಮೇ ತಿಂಗಳೊಳಗೆ ಆದರೆ ಸಂತೋಷ. ಆಗದಿದ್ದರೆ ನಾಡಕಚೇರಿಯ ವಂಶವೃಕ್ಷ, ತಂದೆಯ ಮರಣ ಪತ್ರ, ಪೌತಿ ಅರ್ಜಿಯ ಸ್ವೀಕೃತಿ, ಮೂರನ್ನೂ ಪಹಣಿಯ ಜೊತೆ ಇಡಿ. ಅಣ್ಣತಮ್ಮಂದಿರು ಇದ್ದರೆ ನಿಮ್ಮ ಭಾಗ ಎಷ್ಟು ಅಂತ ಬರೆಯಿರಿ. ಇವೆಲ್ಲ ಕನ್ನಡದಲ್ಲಿರುತ್ತವೆ. ಕನ್ನಡದ ಕಾಗದ ಹಾಗೇ ಹಾಕಿದರೆ ಅಲ್ಲಿ ಓದುವವರಿಲ್ಲ. ಇಂಗ್ಲಿಷ್‌ಗೆ ಅನುವಾದ ಮಾಡಿಸಿ, ಅನುವಾದಕರ ಅಫಿಡವಿಟ್ ಜೊತೆಗೆ ಕೊಡಬೇಕು. ಮಗಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅಂತ ಅವಳ ಕೈಲಿ ಮಾಡಿಸಬೇಡಿ. ಅರ್ಜಿದಾರರು, ಮನೆಯವರು ಮಾಡಿದ ಅನುವಾದ ನಡೆಯುವುದಿಲ್ಲ.

ಒಂದು ಕಾಗದದ ಬಗ್ಗೆ ಎಚ್ಚರ. ಅದು ಆದಾಯ ಪ್ರಮಾಣಪತ್ರ. ಮಗಳ ಕಾಲೇಜು ದಿನಗಳಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ಯಾವಾಗಲೋ ಮಾಡಿಸಿದ್ದು ಮನೆಯಲ್ಲಿರಬಹುದು, ಅದರಲ್ಲಿ ವರ್ಷಕ್ಕೆ ನಲವತ್ತು ಸಾವಿರ ಆದಾಯ ಅಂತ ಇರಬಹುದು. ಯಾಕೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಒಂದು ಫೈಲಿನಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಮೇಲೆ ಎಂಟು ಲಕ್ಷದ ಮೆಕ್ಕೆಜೋಳದ ಬಿಲ್ಲು, ಕೆಳಗೆ ನಲವತ್ತು ಸಾವಿರದ ಪ್ರಮಾಣಪತ್ರ. ಸೇರಿಸಿದ್ದು ಏಜೆಂಟರ ಕಚೇರಿಯ ಹುಡುಗ. ಪಟ್ಟಿಯಲ್ಲಿ ‘ಆದಾಯದ ದಾಖಲೆ’ ಅಂತ ಇತ್ತು, ಸಿಕ್ಕಿದ್ದನ್ನು ತುರುಕಿದ. ಪ್ರಮಾಣಪತ್ರ ಬೇಕೇ ಬೇಕು ಅಂದರೆ ನಿಜವಾದ ಆದಾಯ ಹೇಳಿ ಹೊಸದು ಮಾಡಿಸಿ.

ಆಸ್ತಿ ಬೆಲೆ ಎರಡು ಕೋಟಿ ಅಂತ ಸಿಎ ಹತ್ತಿರ ಬರೆಸಿಕೊಡುವುದು ಇನ್ನೊಂದು ರೂಢಿ. ಇರಲಿ, ಆದರೆ ಅದರ ಮೇಲೆ ಭರವಸೆ ಇಡಬೇಡಿ. ತೋಟದ ಬೆಲೆಯಿಂದ ಸೆಪ್ಟೆಂಬರ್‌ನಲ್ಲಿ ಫೀಸು ಕಟ್ಟಲು ಆಗುತ್ತದಾ? ಅವರು ನೋಡುವುದು ಕೈಗೆ ಸಿಗುವ ದುಡ್ಡು.

ಆ 30 ಲಕ್ಷದ ಮಾತು. ಅದು ಒಂದು ತಿಂಗಳು ನಿಮ್ಮ ಖಾತೆಯಲ್ಲಿ ಕೂತು ಎದ್ದು ಹೋಗುತ್ತದೆ. ಎಲ್ಲಿಂದ ಬಂತು ಅಂತ ಕೇಳಿದರೆ ಇನ್ನೊಂದು ಸುಳ್ಳು ಕಾಗದ ಬೇಕು, ಅದಕ್ಕೆ ಇನ್ನೊಂದು. ಸಿಕ್ಕಿಬಿದ್ದರೆ ಕೆನಡಾದ ವಲಸೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಐದು ವರ್ಷ ಆ ದೇಶಕ್ಕೆ ಕಾಲಿಡುವ ಹಾಗಿಲ್ಲ. ‘ಏಜೆಂಟರು ಮಾಡಿದ್ದು, ನನಗೆ ಗೊತ್ತಿಲ್ಲ’ ಅಂದರೆ ಕೇಳುವವರಿಲ್ಲ, ಅರ್ಜಿಯ ಹೊಣೆ ಮಗಳದ್ದೇ. 2023ರಲ್ಲಿ ನಕಲಿ ಅಡ್ಮಿಷನ್ ಲೆಟರ್ ಮೇಲೆ ಹೋದ ಭಾರತದ ಹುಡುಗರು ಗಡೀಪಾರಿನ ಭಯದಲ್ಲಿ ಬೀದಿಗೆ ಬಂದಿದ್ದು ಪೇಪರಿನಲ್ಲಿ ಓದಿರುತ್ತೀರಿ. ಅವರಲ್ಲಿ ಎಷ್ಟೋ ಮಂದಿಗೆ ಲೆಟರ್ ನಕಲಿ ಅನ್ನೋದೇ ಗೊತ್ತಿರಲಿಲ್ಲ. ಆ ವರ್ಷದ ಡಿಸೆಂಬರ್‌ನಿಂದ ಪ್ರತಿ ಅಡ್ಮಿಷನ್ ಲೆಟರನ್ನೂ ಕೆನಡಾ ಸರ್ಕಾರ ನೇರವಾಗಿ ಕಾಲೇಜಿನ ಹತ್ತಿರವೇ ಕೇಳಿ ಖಚಿತಪಡಿಸಿಕೊಳ್ಳುತ್ತಿದೆ.

ಇಂಗ್ಲೆಂಡ್ ರಿಜೆಕ್ಟ್ ವಿಷಯವೂ ಇದೇ ದಾರಿ. ಯಾವುದೇ ದೇಶ ವೀಸಾ ನಿರಾಕರಿಸಿದೆಯಾ ಅಂತ ಅರ್ಜಿಯಲ್ಲೇ ನೇರವಾಗಿ ಕೇಳುತ್ತಾರೆ. ‘ಹೌದು’ ಅಂತ ಬರೆಯಬೇಕು. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಕೆನಡಾ ಮಾಹಿತಿ ಹಂಚಿಕೊಳ್ಳುತ್ತದೆ. ಒಂದು ರಿಜೆಕ್ಟ್ ಇದ್ದ ಮಾತ್ರಕ್ಕೆ ಇನ್ನೊಂದು ಆಗುವುದಿಲ್ಲ. ಮುಚ್ಚಿಟ್ಟಿದ್ದು ಗೊತ್ತಾದರೆ ಮಾತ್ರ ಮತ್ತೆ ಅದೇ ಐದು ವರ್ಷ. ಆ ಪತ್ರದ ಪ್ರತಿ ಹಾಕಿ, ಆಗ ಯಾಕೆ ಕೊಡಲಿಲ್ಲ, ಈಗ ಏನು ಬದಲಾಗಿದೆ ಅಂತ ನಾಲ್ಕು ಸಾಲು ಬರೆದರೆ ಆಯ್ತು.

ದುಡ್ಡನ್ನು ಹೇಗೆ ಇಡುವುದು? ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಸಾಲದ 20 ಲಕ್ಷ ಫೀಸಿಗೆ ಮತ್ತು ಟಿಕೆಟಿಗೆ. ಅಡಿಕೆ ಮತ್ತು ಎಫ್‌ಡಿಯ 15 ಲಕ್ಷ ಜೀವನ ಖರ್ಚಿಗೆ, ಜಿಐಸಿ ರೂಪದಲ್ಲಿ. ಜಿಐಸಿ ಅಂದರೆ ಕೆನಡಾದ ಬ್ಯಾಂಕಿನಲ್ಲಿ ಮುಂಗಡವಾಗಿ ಇಡುವ ಠೇವಣಿ. ಮಗಳು ಹೋದ ಮೇಲೆ ಸ್ವಲ್ಪ ಒಟ್ಟಿಗೆ, ಉಳಿದದ್ದು ಕಂತಿನಲ್ಲಿ ಅವಳ ಕೈಗೆ ಬರುತ್ತದೆ. 22,895 ಡಾಲರ್ ಅಂದರೆ 14.88 ಲಕ್ಷ, ನಿಮ್ಮ 15 ಲಕ್ಷಕ್ಕೆ ಸರಿಯಾಗಿ ಕೂರುತ್ತದೆ. ಬೇಗ ತೀರ್ಮಾನ ಕೊಡುತ್ತಿದ್ದ ಎಸ್‌ಡಿಎಸ್ ಎಂಬ ದಾರಿ 2024ರ ನವೆಂಬರ್ 8ಕ್ಕೆ ಮುಚ್ಚಿತು, ಆಗಿನಿಂದ ಜಿಐಸಿ ಕಡ್ಡಾಯವಲ್ಲ. ಆದರೂ ಕಾಗದದ ಮೇಲೆ ಇದಕ್ಕಿಂತ ಚೊಕ್ಕ ಸಾಕ್ಷಿ ಇನ್ನೊಂದಿಲ್ಲ. ವೀಸಾ ಸಿಗದಿದ್ದರೆ ವಾಪಸ್ ಬರುತ್ತದೆ, ಬ್ಯಾಂಕಿನ ಶುಲ್ಕ ಹೋಗುತ್ತದೆ ಅಷ್ಟೇ. ಸ್ವಂತ ದುಡ್ಡು ವರ್ಷಕ್ಕೆ 10 ಲಕ್ಷ ದಾಟಿ ಕಳಿಸಿದರೆ ದಾಟಿದ ಭಾಗಕ್ಕೆ ಬ್ಯಾಂಕಿನವರು ಟಿಸಿಎಸ್ ಅಂತ ಮುಂಚಿತವಾಗಿ ತೆರಿಗೆ ಹಿಡಿಯುತ್ತಾರೆ. ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋಗುವ ದುಡ್ಡಿಗೆ 2025ರ ಏಪ್ರಿಲ್ 1ರಿಂದ ಟಿಸಿಎಸ್ ಇಲ್ಲ. ಸಾಲದ ಮಂಜೂರಾತಿ ಪತ್ರದಲ್ಲಿ ಮಗಳ ಹೆಸರು, ಕೋರ್ಸು, ವಿಶ್ವವಿದ್ಯಾಲಯ, ಮೊತ್ತ ನಾಲ್ಕೂ ಇರಬೇಕು. ‘ತಾತ್ವಿಕ ಒಪ್ಪಿಗೆ’ ಅಂತ ಇದ್ದರೆ ತಗೊಳ್ಳಬೇಡಿ.

ಅರ್ಜಿ ಹಾಕುವುದು ಏಜೆಂಟರು ಹೆದರಿಸುವಷ್ಟು ಕಷ್ಟವಲ್ಲ, ಇಂಜಿನಿಯರಿಂಗ್ ಓದಿದ ಹುಡುಗಿ ತಾನೇ ಹಾಕಬಹುದು. ಎಲ್ಲ ಆನ್‌ಲೈನ್. ಅರ್ಜಿ ಶುಲ್ಕ 150 ಡಾಲರ್, ಬಯೋಮೆಟ್ರಿಕ್ 85. ಬೆರಳಚ್ಚಿಗೆ ಬೆಂಗಳೂರಿನ ವಿಎಫ್‌ಎಸ್ ವೀಸಾ ಕೇಂದ್ರಕ್ಕೆ ಹೋಗಬೇಕು, ಮೆಡಿಕಲ್‌ಗೆ ಅವರು ಪಟ್ಟಿ ಮಾಡಿದ ವೈದ್ಯರ ಹತ್ತಿರವೇ ಹೋಗಬೇಕು. ಎರಡನ್ನೂ ಒಂದೇ ಪ್ರಯಾಣದಲ್ಲಿ ಮುಗಿಸಿಕೊಳ್ಳಿ. 2024ರ ಜನವರಿಯಲ್ಲಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿದಾಗ ಪ್ರಾಂತ್ಯದ ದೃಢೀಕರಣ ಪತ್ರ ಎಂಬುದು ಬಂತು, ಪಾಲ್ ಅನ್ನುತ್ತಾರೆ. ಸರ್ಕಾರಿ ವಿಶ್ವವಿದ್ಯಾಲಯದ ಮಾಸ್ಟರ್ಸ್ ಮತ್ತು ಪಿಎಚ್‌ಡಿಗೆ 2026ರ ಜನವರಿ 1ರಿಂದ ಅದು ಬೇಕಿಲ್ಲ. ಅದನ್ನು ಮಾಡಿಸಿಕೊಡ್ತೀವಿ ಅಂತ ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ. ದುಡ್ಡು ಕೊಟ್ಟು ಯಾರನ್ನಾದರೂ ಹಿಡಿಯಲೇಬೇಕು ಅಂದರೆ, ಅವರಿಗೆ ಕೆನಡಾದಲ್ಲಿ ವಲಸೆ ಸಲಹೆಗಾರರನ್ನು ನಿಯಂತ್ರಿಸುವ, ‘ಕಾಲೇಜ್’ ಎಂದೇ ಕರೆಯುವ ಸಂಸ್ಥೆಯ ಲೈಸೆನ್ಸ್ ಇರಬೇಕು, ಇಲ್ಲವೇ ಅವರು ಅಲ್ಲಿನ ವಕೀಲರಾಗಿರಬೇಕು. ಹೆಸರು ಆನ್‌ಲೈನ್ ಪಟ್ಟಿಯಲ್ಲಿ ಸಿಗುತ್ತದೆ. ಯಾರೇ ಹಾಕಲಿ, ಲಾಗಿನ್ ಮಗಳ ಇಮೇಲ್‌ನಲ್ಲೇ ಇರಲಿ. ತನ್ನದೇ ಅರ್ಜಿಯಲ್ಲಿ ಏನು ಬರೆದಿದೆ ಅಂತ ನೋಡದೇ ಇರುವ ಮಕ್ಕಳು ಎಷ್ಟು ಜನ ಅಂದರೆ, ನಂಬುವುದಿಲ್ಲ ನೀವು.

ಯಾಕೆ ಓದಲು ಹೋಗುತ್ತೇನೆ ಅಂತ ಮಗಳು ಬರೆಯುವ ಪತ್ರ ಅವಳದ್ದೇ ಆಗಿರಲಿ. ಬೆಂಗಳೂರಿನ ಕೆಲಸದಲ್ಲಿ ಏನು ಮಾಡಿದಳು, ಎಲ್ಲಿ ತನಗೆ ಗೊತ್ತಿರುವುದು ಸಾಲಲಿಲ್ಲ, ಈ ಕೋರ್ಸಿನ ಯಾವ ಪಾಠ ಅದಕ್ಕೆ ಬೇಕು, ಮುಗಿಸಿ ಬಂದರೆ ಇಲ್ಲಿ ಯಾವ ಥರದ ಕೆಲಸ ಇದೆ. ಒಂದೂವರೆ ಪುಟ ಸಾಕು. ಓದು ಮುಗಿದ ಮೇಲೆ ಕೆನಡಾ ಬಿಟ್ಟು ಬರುತ್ತಾಳೆ ಅಂತ ಅಧಿಕಾರಿಗೆ ಮನವರಿಕೆ ಆಗಬೇಕು ಎನ್ನುವುದು ಅಲ್ಲಿನ ನಿಯಮ. ಹಾಗಂತ ‘ನನ್ನ ಭಾರತಮಾತೆ’ ಅಂತ ಎರಡು ಪ್ಯಾರಾ ಬರೆಯುವುದು ಬೇಡ. ಮುಂದೆ ಅಲ್ಲೇ ನೆಲೆಸುವ ಆಸೆ ಇರುವುದು ಅಪರಾಧವೂ ಅಲ್ಲ, ಕಾಯ್ದೆಯೇ ಅದನ್ನು ಒಪ್ಪುತ್ತದೆ. ಪಾರ್ಟ್‌ಟೈಮ್ ದುಡಿದು ಫೀಸು ಕಟ್ಟುತ್ತೇನೆ ಅಂತ ಮಾತ್ರ ಎಲ್ಲೂ ಬರೆಯಬಾರದು. ಮುಂದೆ ಬರುವ ಕೂಲಿಯನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೇ ಮೊದಲ ವಾರದೊಳಗೆ ಹಾಕಿ. ಸೆಪ್ಟೆಂಬರ್‌ಗೆ ಜೀವನ ಖರ್ಚಿನ ಮೊತ್ತ ಮತ್ತೆ ಏರಬಹುದು, ಅದಕ್ಕೂ ಮುಂಚೆ ಹಾಕಿದ್ದು ಒಳ್ಳೆಯದು. ಅಕಸ್ಮಾತ್ ಆಗಲಿಲ್ಲ ಅಂದರೆ, 2025ರ ಜುಲೈ ಕೊನೆಯಿಂದ ನಿರಾಕರಣೆ ಪತ್ರದ ಜೊತೆಗೇ ಅಧಿಕಾರಿಯ ಟಿಪ್ಪಣಿ ಕೊಡಲು ಶುರು ಮಾಡಿದ್ದಾರೆ. ಅದನ್ನು ಓದಿ, ಎತ್ತಿದ ಪ್ರಶ್ನೆಗೆ ಉತ್ತರ ಸೇರಿಸಿ ಮತ್ತೆ ಹಾಕಬಹುದು. ಅದೇ ಫೈಲನ್ನು ಹಾಗೇ ಮತ್ತೆ ಹಾಕಿದರೆ ಸುಮ್ನೆ 150 ಡಾಲರ್ ದಂಡ.

ಇಂದೇ ನೋಡಬೇಕಾದ್ದು ಪಾಸ್‌ಪೋರ್ಟ್. ಅದರ ಅವಧಿ ದಾಟಿ ಸ್ಟಡಿ ಪರ್ಮಿಟ್, ಅಂದರೆ ಅಲ್ಲಿ ಓದುವ ಅನುಮತಿ, ಕೊಡುವುದಿಲ್ಲ. ಎರಡು ವರ್ಷದ ಕೋರ್ಸಿಗೆ ಒಂದು ವರ್ಷದ ಪಾಸ್‌ಪೋರ್ಟ್ ಇದ್ದರೆ ಮೊದಲು ಹೊಸದು ಮಾಡಿಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಇದ್ದರೆ ಎರಡೂ ಒಬ್ಬರೇ ಅಂತ ಅಫಿಡವಿಟ್ ಸಾಕು.

ಪಾಸ್‌ಪೋರ್ಟಿಗೆ ಅಂಟಿಸಿ ಕೊಡುವ ವೀಸಾವೇ ಪರ್ಮಿಟ್ ಅಂತ ಎಲ್ಲರೂ ತಿಳಿದಿರುತ್ತಾರೆ. ಅಲ್ಲ. ಅದು ಬಾಗಿಲವರೆಗಿನ ಚೀಟಿ. ಸ್ಟಡಿ ಪರ್ಮಿಟ್ ಎನ್ನುವ ಹಾಳೆಯನ್ನು ಕೆನಡಾದಲ್ಲಿ ಇಳಿದ ಮೇಲೆ ವಿಮಾನ ನಿಲ್ದಾಣದ ಅಧಿಕಾರಿ ಮುದ್ರಿಸಿ ಕೊಡುತ್ತಾರೆ. ಅಡ್ಮಿಷನ್ ಲೆಟರ್, ದುಡ್ಡಿನ ಕಾಗದ ಎಲ್ಲ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನಲ್ಲಿ ಅಲ್ಲ. ಆ ಹಾಳೆ ಕೈಗೆ ಬಂದ ಕೂಡಲೇ ಕೌಂಟರ್ ಬಿಟ್ಟು ಕದಲುವ ಮುಂಚೆ ಮಗಳು ಮೂರು ವಿಷಯ ಓದಿಕೊಳ್ಳಬೇಕು: ಹೆಸರು ಸರಿ ಇದೆಯಾ, ಕೊನೆಯ ದಿನಾಂಕ ಕೋರ್ಸು ಮುಗಿದ ಮೇಲೆ ತೊಂಬತ್ತು ದಿನದವರೆಗೆ ಇದೆಯಾ, ವಾರಕ್ಕೆ 24 ಗಂಟೆ ಹೊರಗೆ ಕೆಲಸ ಮಾಡಬಹುದು ಎನ್ನುವ ಸಾಲು ಇದೆಯಾ. ಇಲ್ಲದಿದ್ದರೆ ನಾಚಿಕೊಳ್ಳದೆ ಅಲ್ಲೇ ಕೇಳಬೇಕು. ಅಲ್ಲಿ ಐದು ನಿಮಿಷದಲ್ಲಿ ಆಗುವ ತಿದ್ದುಪಡಿ ಹೊರಗೆ ಬಂದ ಮೇಲೆ ತಿಂಗಳುಗಟ್ಟಲೆ ಹಿಡಿಯುತ್ತದೆ.